ಗ್ರಾಮಸಭೆಯಲ್ಲಿ ಕೈ ಎತ್ತಿದರೆ 120 ಫ್ಲಾಟ್ ನಿಲ್ಲುತ್ತಾ?

ಪ್ರಶ್ನೆ: ಸರ್, ನಾವು ಹುನಗುಂದ ಕಡೆಯವರು. 1998ರಿಂದ ಗೋವಾದಲ್ಲಿದ್ದೇವೆ. ಬಾರ್ದೇಸ್ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ. ಸೆಂಟ್ರಿಂಗ್ ಕೆಲಸದಿಂದ ಶುರು ಮಾಡಿ ಈಗ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತೇನೆ. ಮನೆಯವರು ಟೇಲರಿಂಗ್ ಮಾಡುತ್ತಾರೆ. ವೋಟರ್ ಲಿಸ್ಟ್‌ನಲ್ಲಿ ನಮ್ಮೆಲ್ಲರ ಹೆಸರೂ ಇದೆ. ನಮ್ಮೂರ ಗುಡ್ಡದ ಇಳಿಜಾರಿನಲ್ಲಿ 120 ಫ್ಲಾಟುಗಳ ಪ್ರಾಜೆಕ್ಟ್ ಬರುತ್ತಿದೆ. ಈ ಭಾನುವಾರ ಗ್ರಾಮಸಭೆ, ನೀವೂ ಬಂದು ವಿರುದ್ಧ ಕೈ ಎತ್ತಿ ಅಂತ ಅಕ್ಕಪಕ್ಕದವರು ಹೇಳುತ್ತಿದ್ದಾರೆ. ಪಂಚ್ (ಪಂಚಾಯಿತಿ ಸದಸ್ಯರು) ಒಬ್ಬರು 'ಟಿಸಿಪಿಯಿಂದ ಆಗಲೇ ಕ್ಲಿಯರೆನ್ಸ್ ಬಂದಿದೆ, ಇನ್ನು ಏನೂ ಆಗಲ್ಲ' ಅಂತಾರೆ. ನಮ್ಮ ಭಾವ 'ಜಾಸ್ತಿ ಫ್ಲಾಟ್ ಬಂದ್ರೆ ರೇಟ್ ಇಳಿಯುತ್ತೆ, ನಿಮ್ಮ ಹೊಟ್ಟೆಪಾಡೇ ಕಟ್ಟಡದ ಕೆಲಸ, ಸುಮ್ನಿರಿ' ಅಂತಾರೆ. ಆದರೆ ಏಪ್ರಿಲ್ ಬಂತೆಂದರೆ ನಮ್ಮ ನಲ್ಲಿಗೆ ಎರಡು ದಿನಕ್ಕೊಮ್ಮೆ ನೀರು. ಹೊರಗಿಂದ ಬಂದವನು ನಾನು, ಎದ್ದು ಮಾತಾಡಿದರೆ ನಾಳೆ ನನ್ನನ್ನೇ ಅಂದಾರು ಅನ್ನೋ ಹೆದರಿಕೆಯೂ ಇದೆ. ಇದರ ನಡುವೆ ಒಬ್ಬ ಏಜೆಂಟ್ ಗದ್ದೆಯ ಅಂಚಿನಲ್ಲಿ 150 ಚದರ ಮೀಟರ್ ಜಾಗ ಕೊಡಿಸ್ತೀನಿ, ಮನೆ ನಂಬರೂ ಮಾಡಿಸ್ತೀನಿ ಅಂತಿದ್ದಾನೆ. ಮಗನ ಮದುವೆಗೆ ಮೊದಲು ಸ್ವಂತ ಮನೆ ಆಗಬೇಕು. ಏನು ಮಾಡಲಿ?

ಉತ್ತರ: ಈ ಜಗಳದಲ್ಲಿ ನೀವು ಎಲ್ಲ ಕಡೆಯೂ ಇದ್ದೀರಿ. ನೀರಿಗೆ ಕಾಯುವವರೂ ನೀವೇ, ಕಟ್ಟಡ ಕಟ್ಟಿ ಬದುಕುವವರೂ ನೀವೇ, ಮನೆ ಬೇಕಾದವರೂ ನೀವೇ. ಹಾಗಿರುವಾಗ 'ಪ್ರಾಜೆಕ್ಟ್ ಬೇಕೋ ಬೇಡವೋ' ಅಂತ ಒಂದೇ ಮಾತಲ್ಲಿ ಕೇಳಿದರೆ ಉತ್ತರ ಹೊಳೆಯದೆ ಇರುವುದು ಸಹಜ. ನಾನು ನಗರ ಯೋಜನೆ ಓದಿದವನು. ಪಣಜಿಯಲ್ಲಿ ಕಚೇರಿ ಇಟ್ಟುಕೊಂಡು ಬಿಲ್ಡರುಗಳ ಫೈಲನ್ನೂ ಮಾಡಿದ್ದೇನೆ, ಊರವರಿಗೆ ಆಕ್ಷೇಪಣೆಯನ್ನೂ ಬರೆದುಕೊಟ್ಟಿದ್ದೇನೆ. ಎರಡೂ ಕಡೆ ಕೂತು ನೋಡಿದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಗ್ರಾಮಸಭೆಯಲ್ಲಿ ಎಷ್ಟು ಕೈ ಎದ್ದವು ಅನ್ನುವುದಕ್ಕಿಂತ, ಅಲ್ಲಿ ಯಾವ ಲೆಕ್ಕ ಕೇಳಿದಿರಿ, ಅದು ನಡಾವಳಿಯಲ್ಲಿ ದಾಖಲಾಯಿತೇ ಅನ್ನುವುದೇ ಮುಂದೆ ಕೆಲಸಕ್ಕೆ ಬರುತ್ತದೆ. ನೀರಿನ ಲೆಕ್ಕ, ಕೊಳಚೆಯ ಲೆಕ್ಕ, ರಸ್ತೆಯ ಲೆಕ್ಕ.

ಮೊದಲು ಆ ಪಂಚ್ ಹೇಳಿದ ಮಾತು. ಅದು ಅರ್ಧ ನಿಜ. ಟಿಸಿಪಿ, ಅಂದರೆ ಪಟ್ಟಣ ಮತ್ತು ಗ್ರಾಮ ಯೋಜನಾ ಇಲಾಖೆ, ಕೊಡುವುದು ತಾಂತ್ರಿಕ ಒಪ್ಪಿಗೆ ಮಾತ್ರ. ನಕ್ಷೆ ನಿಯಮಕ್ಕೆ ಹೊಂದುತ್ತದೆಯೇ, ಝೋನ್ ಸರಿಯಿದೆಯೇ, ಎಫ್‌ಎಆರ್ (ಜಾಗದ ಅಳತೆಗೆ ಶೇಕಡ ಎಷ್ಟು ಕಟ್ಟಬಹುದು ಅನ್ನುವ ಮಿತಿ) ಮೀರಿಲ್ಲವೇ ಅಂತ ಅವರು ನೋಡುತ್ತಾರೆ. ಕಟ್ಟುವುದಕ್ಕೆ ಲೈಸೆನ್ಸ್ ಕೊಡಬೇಕಾದ್ದು ಪಂಚಾಯಿತಿ. ಗೋವಾ ಪಂಚಾಯತ್ ರಾಜ್ ಕಾಯ್ದೆ, 1994ರ 66ನೇ ಕಲಮಿನಲ್ಲಿ ಆ ಅಧಿಕಾರ ಇದೆ. ಕೃಷಿ ಜಾಗವಾಗಿದ್ದರೆ ಭೂಕಂದಾಯ ಸಂಹಿತೆ, 1968ರ 32ನೇ ಕಲಮಿನಡಿ ಕಂದಾಯ ಇಲಾಖೆಯ ಪರಿವರ್ತನೆ ಸನದು ಬೇರೆ ಬೇಕು. ಕಟ್ಟಡ ಮುಗಿದ ಮೇಲೂ ವಾಸಕ್ಕೆ ಯೋಗ್ಯ ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್ ಕೊಡಬೇಕಾದ್ದು ಪಂಚಾಯಿತಿಯೇ. ಹೀಗಾಗಿ ಟಿಸಿಪಿ ಕಾಗದ ಬಂದಾಕ್ಷಣ ಎಲ್ಲ ಮುಗಿಯಿತು ಅನ್ನುವ ಪಂಚ್ ತನ್ನ ಕೆಲಸವನ್ನೇ ಕೈಬಿಡುತ್ತಿದ್ದಾರೆ.

ಹಾಗಂತ ಊರಿನವರು ಅಂದುಕೊಂಡಿರುವುದೂ ಪೂರ್ತಿ ನಿಜವಲ್ಲ. ಗ್ರಾಮಸಭೆ 'ಬೇಡ' ಅಂದರೆ ಪ್ರಾಜೆಕ್ಟ್ ತಾನಾಗಿ ನಿಲ್ಲುವುದಿಲ್ಲ. ಗ್ರಾಮಸಭೆಯ ತೀರ್ಮಾನಕ್ಕೆ ಪಂಚಾಯಿತಿ ಬದ್ಧ ನಿಜ, ಆದರೆ ಆ ತೀರ್ಮಾನ ಬೇರೆ ಯಾವ ಕಾನೂನಿಗೂ ವಿರುದ್ಧವಾಗಿರಬಾರದು. ಅರ್ಜಿ ಬಂದ 30 ದಿನದೊಳಗೆ ಪಂಚಾಯಿತಿ ಹೌದು ಇಲ್ಲ ಅಂತ ಹೇಳಬೇಕು. ಸುಮ್ಮನೆ ಕೂತರೆ, ಅಥವಾ ಕಾರಣ ಕೊಡದೆ ತಿರಸ್ಕರಿಸಿದರೆ, ಬಿಲ್ಡರ್ ಪಂಚಾಯತ್ ಇಲಾಖೆಗೆ ಮೇಲ್ಮನವಿ ಹೋಗುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಯಾವ ನಿಯಮ ಮುರಿದಿದೆ ತೋರಿಸಿ. ಪಂಚಾಯಿತಿ ಬಳಿ ಉತ್ತರ ಇರುವುದಿಲ್ಲ. ಊರೆಲ್ಲ ಸೇರಿ, ಗಂಟಲು ಹರಿಯುವ ಹಾಗೆ ಕೂಗಿ ಪಾಸು ಮಾಡಿದ ನಿರ್ಣಯಗಳು ಎರಡು ಪುಟದ ಆದೇಶದಲ್ಲಿ ಬಿದ್ದುಹೋಗಿದ್ದನ್ನು ನಾನು ನೋಡಿದ್ದೇನೆ. ಆಮೇಲೆ ಜನ 'ಎಲ್ಲ ದುಡ್ಡು ತಿಂದರು' ಅನ್ನುತ್ತಾರೆ. ಕೆಲವು ಸಲ ಅದೂ ಇರಬಹುದು. ಬಹಳ ಸಲ ಕಾರಣ ಇಷ್ಟೇ, ನಿರ್ಣಯದಲ್ಲಿ ಸಿಟ್ಟು ಇತ್ತು, ಅಂಕಿ ಇರಲಿಲ್ಲ.

ಈ ಸಿಟ್ಟು ಯಾಕಿದೆ ಅನ್ನುವುದು ನಿಮಗೆ ತಿಳಿದಿರಬೇಕು, ಯಾಕೆಂದರೆ ಅದು ನಿಮ್ಮಂಥವರ ಮೇಲಿನ ಸಿಟ್ಟಲ್ಲ. ಗೋವಾದಲ್ಲಿ ಯಾವ ಜಾಗ ಯಾವುದಕ್ಕೆ ಅಂತ ಹೇಳುವುದು ರೀಜನಲ್ ಪ್ಲಾನ್. 2006ರಲ್ಲಿ ಪ್ರಕಟವಾದ ರೀಜನಲ್ ಪ್ಲಾನ್ 2011 ಗುಡ್ಡ, ಕಾಡು, ಗದ್ದೆಗಳನ್ನು ದೊಡ್ಡ ಪ್ರಮಾಣದಲ್ಲಿ ವಸತಿಗೆ ತೆರೆದುಬಿಟ್ಟಿತ್ತು. ಗೋವಾ ಬಚಾವೋ ಅಭಿಯಾನ ಅನ್ನುವ ಜನರ ಚಳವಳಿ ಹುಟ್ಟಿದ್ದೇ ಆಗ. 2007ರ ಜನವರಿಯಲ್ಲಿ ಸರ್ಕಾರ ಆ ಪ್ಲಾನನ್ನು ವಾಪಸ್ ತೆಗೆದುಕೊಂಡಿತು. ನಂತರ ಬಂದದ್ದು ರೀಜನಲ್ ಪ್ಲಾನ್ 2021. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದ್ದ ಕಾರ್ಯಪಡೆ ಅದನ್ನು ರೂಪಿಸಿತು, ಕರಡು ನಕ್ಷೆಗಳು ಹಳ್ಳಿಹಳ್ಳಿಗೆ ಹೋದವು, ಜನ ತಮ್ಮ ಬಾವಿ, ಝರಿ, ಗದ್ದೆಗಳನ್ನು ಗುರುತಿಸಿ ಕೊಟ್ಟರು. ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ ಅದು. 2012ರಲ್ಲಿ ಹೊಸ ಸರ್ಕಾರ ಆ ಪ್ಲಾನನ್ನೇ ಕೆಲವು ವರ್ಷ ತಡೆಹಿಡಿಯಿತು. ಆಮೇಲೆ ಟಿಸಿಪಿ ಕಾಯ್ದೆಗೇ ಒಂದಾದ ಮೇಲೊಂದು ತಿದ್ದುಪಡಿ: 2018ರಲ್ಲಿ 16ಬಿ, 2023ರಲ್ಲಿ 17(2), 2024ರಲ್ಲಿ 39ಎ. ಮೂರರ ಸಾರವೂ ಒಂದೇ, ಒಬ್ಬೊಬ್ಬ ಜಾಗದ ಮಾಲೀಕ ಅರ್ಜಿ ಹಾಕಿ ತನ್ನ ತುಂಡು ಜಾಗದ ಝೋನ್ ಬದಲಿಸಿಕೊಳ್ಳಲು ದಾರಿ. 17(2)ರ ಹೆಸರಿನಲ್ಲಿ 'ಪ್ಲಾನಿನಲ್ಲಿ ತಪ್ಪಾಗಿ ನಮೂದಾಗಿದೆ, ಸರಿಪಡಿಸಿ' ಅಂತ ಆರ್ಚರ್ಡ್ (ತೋಟದ) ಜಾಗ, ಗದ್ದೆ ಎಲ್ಲ ಸೆಟ್ಲ್‌ಮೆಂಟ್, ಅಂದರೆ ಮನೆ ಕಟ್ಟಬಹುದಾದ ಜಾಗ ಆಗತೊಡಗಿದವು. ಪರಿಸರ ಸಂಸ್ಥೆಯಾದ ಗೋವಾ ಫೌಂಡೇಶನ್ ಮತ್ತಿತರರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆ ಕಲಮಿನಡಿ ಮಾಡಿದ್ದ ನಿಯಮಗಳನ್ನು ರದ್ದು ಮಾಡಿತು. ಊರಿನವರಿಗೆ ಈ ಕತೆಯೆಲ್ಲ ಬಾಯಿಪಾಠ. ಕೂತು ಪ್ಲಾನ್ ಮಾಡಿದವರು ನಾವು, ಬದಲಿಸಿದವರು ಯಾರೋ ಅನ್ನುವ ನೋವು ಅದು. ಒಂದು ಪ್ರಾಜೆಕ್ಟ್ ಬಂದರೂ ಊರೇ ಎದ್ದು ನಿಲ್ಲುವುದು ಅದಕ್ಕೇ.

ಆದ್ದರಿಂದ ಆ ಜಾಗ ಸೆಟ್ಲ್‌ಮೆಂಟ್ ಝೋನಿನಲ್ಲಿ ಮೊದಲಿನಿಂದಲೂ ಇತ್ತೇ, ಅಥವಾ ಇತ್ತೀಚೆಗೆ ಬದಲಾಯಿತೇ? ಬದಲಾಗಿದ್ದರೆ ಯಾವ ಕಲಮಿನಲ್ಲಿ? ನಿಮ್ಮ ಗ್ರಾಮಸಭೆ ಕೇಳಬೇಕಾದ ಮೊದಲ ಪ್ರಶ್ನೆ ಇದು. 39ಎ ಅಡಿ ಬದಲಾವಣೆ ಆಗುವ ಮುಂಚೆ ಸಾರ್ವಜನಿಕ ನೋಟಿಸು ಬರಬೇಕು, ಆಕ್ಷೇಪಣೆಗೆ 30 ದಿನ ಕೊಡಬೇಕು. ಆ 30 ದಿನ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ, ಗಲಾಟೆ ಶುರುವಾಗುವುದು ಜೆಸಿಬಿ ಬಂದ ಮೇಲೆ.

ಈಗ ನೀರಿಗೆ ಬರೋಣ. ನೀರು ಬರೀ ನೆಪ ಅಂತ ಬಿಲ್ಡರ್ ಕಡೆಯವರು ಹೇಳುತ್ತಾರೆ, ಫ್ಲಾಟುಗಳಿಂದಲೇ ನೀರಿಲ್ಲ ಅಂತ ಊರವರು ಹೇಳುತ್ತಾರೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ನಿಮ್ಮ ಹುನಗುಂದದವರು ಕೇಳಿದರೆ ನಂಬುವುದಿಲ್ಲ. ಕೊರತೆ ಇರುವುದು ಮೋಡದಲ್ಲಲ್ಲ. ಬಾರ್ದೇಸಿಗೆ ನೀರು ಬರುವುದು ಮುಖ್ಯವಾಗಿ ಅಸನೋಡಾ ಶುದ್ಧೀಕರಣ ಘಟಕದಿಂದ, ಅದಕ್ಕೆ ದೊಡ್ಡ ಆಧಾರ ತಿಳಾರಿ ಅಣೆಕಟ್ಟಿನ ಕಾಲುವೆ. ತಿಳಾರಿ ಇರುವುದು ಮಹಾರಾಷ್ಟ್ರದ ದೋಡಾಮಾರ್ಗದಲ್ಲಿ. ಅಲ್ಲಿ ಕಾಲುವೆ ಒಡೆದರೆ ಇಲ್ಲಿ ಮಾಪುಸಾ, ಪರ್ವರಿಯಲ್ಲಿ ನಲ್ಲಿ ಒಣಗುತ್ತದೆ. ಅದರ ಮೇಲೆ ಹಳೇ ಪೈಪು, ಸೋರಿಕೆ, ಲೈನಿನ ತುದಿಯಲ್ಲಿರುವ ಹಳ್ಳಿಗೆ ಒತ್ತಡವೇ ಸಿಗದಿರುವುದು. ನಿಮ್ಮ ಏಪ್ರಿಲ್ ತಾಪತ್ರಯ ಈ ಹೊಸ ಪ್ರಾಜೆಕ್ಟಿನಿಂದ ಬಂದದ್ದಲ್ಲ, ಅದಿನ್ನೂ ಕಟ್ಟಿಯೇ ಇಲ್ಲವಲ್ಲ. ಆದರೆ ಈಗಾಗಲೇ ಸಾಲದ ಪೈಪಿಗೆ ಅದೂ ಸೇರಿಕೊಂಡರೆ ಏನಾಗುತ್ತದೆ ಅನ್ನುವುದು ನ್ಯಾಯವಾದ ಪ್ರಶ್ನೆ.

ಲೆಕ್ಕ ಹಾಕೋಣ. 120 ಫ್ಲಾಟ್, ಮನೆಗೆ ಐದು ಜನ ಅಂದರೆ 600 ಮಂದಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ಎಂಜಿನಿಯರುಗಳು ಹಿಡಿಯುವ ಮಾಮೂಲಿ ಅಳತೆ. ಒಟ್ಟು 81,000 ಲೀಟರ್. ಅಂದರೆ 10,000 ಲೀಟರಿನ ಎಂಟು ಟ್ಯಾಂಕರ್, ಪ್ರತಿದಿನ. ಈಜುಕೊಳ, ಹುಲ್ಲುಹಾಸು ಬೇರೆ. 'ಎಲ್ಲ ರಜೆಗೆ ಬರುವವರ ಮನೆ, ವರ್ಷವಿಡೀ ಖಾಲಿ, ನೀರೇ ಬೇಡ' ಅಂತ ಒಂದು ವಾದ ಮಾಡುತ್ತಾರೆ. ಅವರು ಬರುವುದು ಯಾವಾಗ? ಡಿಸೆಂಬರ್‌ನಲ್ಲಿ, ಮತ್ತೆ ಮಕ್ಕಳಿಗೆ ಬೇಸಿಗೆ ರಜೆ ಬಿಟ್ಟಾಗ. ಅಂದರೆ ನಿಮ್ಮ ನಲ್ಲಿಗೆ ಎರಡು ದಿನಕ್ಕೊಮ್ಮೆ ನೀರು ಬರುವ ಹೊತ್ತಿಗೇ ಸರಿಯಾಗಿ.

ನಲ್ಲಿ ನೀರಿಗಿಂತ ನನಗೆ ಜಾಸ್ತಿ ಚಿಂತೆ ಇರುವುದು ಹೊರಗೆ ಬರುವ ನೀರಿನದು. ಬಳಸಿದ ನೀರಿನಲ್ಲಿ ಸುಮಾರು ಶೇಕಡ 80 ಭಾಗ ಕೊಳಚೆಯಾಗಿ ಹೊರಬರುತ್ತದೆ ಅಂತ ಲೆಕ್ಕ. ಇಲ್ಲಿ ಅದು ದಿನಕ್ಕೆ 65,000 ಲೀಟರ್. ಗೋವಾದ ಹೆಚ್ಚಿನ ಹಳ್ಳಿಗಳಲ್ಲಿ ಒಳಚರಂಡಿ ಇಲ್ಲ, ಎಲ್ಲ ಸೆಪ್ಟಿಕ್ ಟ್ಯಾಂಕ್ ಮತ್ತು ಸೋಕ್ ಪಿಟ್ (ಇಂಗುಗುಂಡಿ). ನಿಮ್ಮ ಗುಡ್ಡ ಚಿರೇಕಲ್ಲಿನದು. ಚಿರೇಕಲ್ಲು ತೂತು ತೂತು, ನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತದೆ. ಮಳೆ ನೀರು ಹಾಗೆ ಇಳಿದು ಗುಡ್ಡದ ಬುಡದಲ್ಲಿ ಝರಿಯಾಗಿ, ಬಾವಿಯಾಗಿ ಸಿಗುತ್ತದೆ. ಕೊಳಚೆಯೂ ಅದೇ ದಾರಿಯಲ್ಲಿ ಇಳಿಯುತ್ತದೆ. ಅದಕ್ಕೇ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಇದೆಯೇ ಅಂತ ಕೇಳಿ. ಇದೆ ಅಂದರೆ ಅಲ್ಲಿಗೆ ಬಿಡಬೇಡಿ. ಅದರ ನೀರು ಎಲ್ಲಿಗೆ ಹೋಗುತ್ತದೆ, ಮಳೆಗಾಲದಲ್ಲಿ ತೋಟಕ್ಕೆ ಬೇಡದಾಗ ಎಲ್ಲಿಗೆ, ಬಿಲ್ಡರ್ ಫ್ಲಾಟ್ ಮಾರಿ ಹೋದ ಮೇಲೆ ಅದರ ಕರೆಂಟ್ ಬಿಲ್ ಕಟ್ಟುವವರು ಯಾರು, ಇಷ್ಟೂ ಕೇಳಿ. ಬಾಗಿಲು ಹಾಕಿದ ಫ್ಲಾಟುಗಳ ಸೊಸೈಟಿಯಲ್ಲಿ ಮೆಂಟೆನೆನ್ಸ್ ವಸೂಲಾಗದೆ ಎಸ್‌ಟಿಪಿ ಬಂದ್ ಆಗುವುದು ಹೊಸತೇನಲ್ಲ.

ಇನ್ನು ಇಳಿಜಾರು. ಟಿಸಿಪಿ ಕಾಯ್ದೆಯ 17ಎ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಗುಡ್ಡ ಕಡಿಯುವಂತಿಲ್ಲ, ತಗ್ಗು ಜಾಗ ತುಂಬುವಂತಿಲ್ಲ. ರೀಜನಲ್ ಪ್ಲಾನ್ 2021ರಲ್ಲಿ ಶೇಕಡ 25ಕ್ಕಿಂತ ಕಡಿದಾದ ಇಳಿಜಾರು, ಅಂದರೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರಿಗಿಂತ ಜಾಸ್ತಿ ಏರುವ ಜಾಗ, ಕಟ್ಟಡಕ್ಕಲ್ಲ. ಸೆಂಟ್ರಿಂಗ್ ಮಾಡಿದವರು ನೀವು, ಲೆವೆಲ್ ಟ್ಯೂಬ್ ಹಿಡಿದು ನೀವೇ ಅಂದಾಜು ಮಾಡಬಲ್ಲಿರಿ. ಬಿಲ್ಡರ್ ಕೊಟ್ಟ ಕಾಂಟೂರ್ (ಏರುತಗ್ಗು ತೋರಿಸುವ) ನಕ್ಷೆ ನೆಲದ ಮೇಲಿರುವುದಕ್ಕೆ ಹೊಂದದಿದ್ದರೆ, ಅದೊಂದೇ ಸಾಕು ಇಲಾಖೆ ಮತ್ತೆ ಸ್ಥಳ ಪರಿಶೀಲನೆಗೆ ಬರಬೇಕಾಗುತ್ತದೆ. ಎಫ್‌ಎಆರ್ ಕೂಡ ಹೀಗೇ ನೋಡಬಹುದು. ಹಳ್ಳಿಗಳಲ್ಲಿ ಅದು ಸಾಮಾನ್ಯವಾಗಿ 60 ಅಥವಾ 80 ಇರುತ್ತದೆ. 120 ಫ್ಲಾಟಿಗೆ ತಲಾ 100 ಚದರ ಮೀಟರ್ ಅಂದರೂ 12,000 ಚದರ ಮೀಟರ್ ಆಯಿತು. ಎಫ್‌ಎಆರ್ 60 ಇದ್ದರೆ ಇಷ್ಟು ಕಟ್ಟಲು 20,000 ಚದರ ಮೀಟರ್ ಜಾಗ ಬೇಕು. ಅಷ್ಟು ಜಾಗ ಇದೆಯೇ? ಇದ್ದರೆ ಅದೆಲ್ಲ ಸೆಟ್ಲ್‌ಮೆಂಟ್ ಝೋನೇ? ಅರ್ಧ ಜಾಗಕ್ಕೆ ಛಾವಣಿ, ಕಾಂಕ್ರೀಟು, ಪೇವರ್ ಬಿದ್ದರೆ ಒಂದು ವರ್ಷದ ಮಳೆಯಲ್ಲಿ ಸುಮಾರು 3 ಕೋಟಿ ಲೀಟರ್ ನೀರು ಒಳಗೆ ಇಳಿಯದೆ ಕೆಳಗೆ ಹರಿಯುತ್ತದೆ. ಆ ನೀರು ಯಾರ ಅಂಗಳಕ್ಕೆ ಬರುತ್ತದೆ ಅನ್ನುವುದು ಗುಡ್ಡದ ಕೆಳಗಿನ ಮನೆಯವರಿಗೆ ಗೊತ್ತು. ಅವರನ್ನು ಸಭೆಗೆ ಕರೆದುಕೊಂಡು ಬನ್ನಿ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಮಾತ್ರ ಪರಿಸರ ಅನುಮತಿ ಬೇಕು. 2006ರ ಅಧಿಸೂಚನೆಯಲ್ಲಿ ಹಾಗಿದೆ. ಅದಕ್ಕಿಂತ ಸ್ವಲ್ಪ ಕಡಿಮೆ ಇರುವ ಪ್ರಾಜೆಕ್ಟುಗಳು ಒಂದೇ ಊರಲ್ಲಿ ನಾಲ್ಕು ಬಂದರೂ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ನಾಲ್ಕೂ ಸೇರಿ ಊರಿನ ರಸ್ತೆ, ನೀರು, ಕಸದ ಮೇಲೆ ಏನು ಭಾರ ಅಂತ ಕೂಡಿಸಿ ನೋಡುವ ಮೇಜು ಸರ್ಕಾರದಲ್ಲಿ ಎಲ್ಲೂ ಇಲ್ಲ. ಕೂಡಿಸಿ ನೋಡಬಲ್ಲ ಜಾಗ ಅಂತ ಇದ್ದರೆ ಅದು ಗ್ರಾಮಸಭೆ. ಬಿಲ್ಡರ್ ಕಟ್ಟುವ ಮೂಲಸೌಕರ್ಯ ತೆರಿಗೆಯೂ 2009ರ ಕಾಯ್ದೆಯಡಿ ರಾಜ್ಯಕ್ಕೆ ಹೋಗುತ್ತದೆ. ಕಸ ಎತ್ತುವ ಕೆಲಸ ಮಾತ್ರ ಪಂಚಾಯಿತಿಗೆ.

ನಿಮ್ಮ ಭಾವ ಹೇಳಿದ ರೇಟಿನ ಮಾತು. ತತ್ವದಲ್ಲಿ ಸರಿ, ಮನೆ ಜಾಸ್ತಿ ಆದರೆ ಬೆಲೆ ಇಳಿಯಬೇಕು. ಆದರೆ ಈ ಫ್ಲಾಟುಗಳು ನಿಮಗಾಗಿ ಕಟ್ಟುತ್ತಿರುವುದಲ್ಲ. 2011ರ ಜನಗಣತಿಯಲ್ಲೇ ಗೋವಾದಲ್ಲಿ ಐದರಲ್ಲಿ ಸುಮಾರು ಒಂದು ಮನೆ ಖಾಲಿ ಇತ್ತು. ದೆಹಲಿ, ಮುಂಬೈ, ಬೆಂಗಳೂರಿನವರು ಎರಡನೇ ಮನೆ ಅಂತ ಕೊಳ್ಳುತ್ತಾರೆ, ರಜೆಗೆ ಬಾಡಿಗೆ ಬಿಡುತ್ತಾರೆ. ಅವರ ಬೇಡಿಕೆ ನಿಮ್ಮ ಹಳ್ಳಿಯಲ್ಲಿ ಎಷ್ಟು ಜನರಿಗೆ ಮನೆ ಬೇಕು ಅನ್ನುವುದರ ಮೇಲೆ ನಿಂತಿಲ್ಲ. 120ರ ಬದಲು 1,200 ಕಟ್ಟಿದರೂ ಕೊಳ್ಳುವವರು ಹೊರಗಿದ್ದಾರೆ. ಕೆಲವು ಸಲ ಅಂಥ ಪ್ರಾಜೆಕ್ಟ್ ಬಂದ ಮೇಲೆ ಸುತ್ತಲಿನ ಜಾಗದ ರೇಟೇ ಏರುತ್ತದೆ, ಬಾಡಿಗೆಯೂ ಏರುತ್ತದೆ.

ಆದರೆ ಊರವರಿಗೂ ಒಂದು ಮಾತು ಹೇಳಬೇಕು, ಇದು ಅವರಿಗೆ ಇಷ್ಟವಾಗದೆ ಇರಬಹುದು. ಎಲ್ಲ ಕಟ್ಟಡಕ್ಕೂ ಬೇಡ ಅಂದರೆ ಸೆಟ್ಲ್‌ಮೆಂಟ್ ಜಾಗ ಇನ್ನೂ ದುಬಾರಿಯಾಗುತ್ತದೆ. ಆಗ ಊರಿನ ಗಾಡಿಯವನು, ಮೀನು ಮಾರುವವಳು, ನಿಮ್ಮಂಥ ಗುತ್ತಿಗೆದಾರ, ಎಲ್ಲರೂ ಹೋಗುವುದು ಆ ಏಜೆಂಟ್ ತೋರಿಸುವಂಥ ಗದ್ದೆ ಅಂಚಿಗೆ. ಸಣ್ಣ ಮನೆ ಬೇಕಾದವರ ಪರವಾಗಿ ಗ್ರಾಮಸಭೆಯಲ್ಲಿ ನಿರ್ಣಯ ತಂದವರನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಊರ ನಡುವೆ ಹಳೇ ಮನೆಗಳು ಬಿದ್ದಿವೆ, ವಾರಸುದಾರರು ಲಿಸ್ಬನ್ನಿನಲ್ಲೋ ಲಂಡನ್ನಿನಲ್ಲೋ ಇದ್ದಾರೆ. ಸೆಟ್ಲ್‌ಮೆಂಟ್ ಜಾಗ ಪಾಳು ಬಿದ್ದಿದೆ. ಅಲ್ಲಿ ಸಣ್ಣ ಮನೆಗಳಿಗೆ ದಾರಿ ಮಾಡಿ, ಗುಡ್ಡ ಮತ್ತು ಗದ್ದೆ ಬಿಡಿ ಅಂತ ಎರಡನ್ನೂ ಒಟ್ಟಿಗೆ ಕೇಳಬಹುದು. ಹಾಗೆ ಕೇಳಿದರೆ 'ಇವರು ಅಭಿವೃದ್ಧಿ ವಿರೋಧಿಗಳು' ಅನ್ನುವ ಮಾತಿಗೂ ಬಲ ಇರುವುದಿಲ್ಲ.

ಈಗ ನಿಮ್ಮ ಹೆದರಿಕೆ. ಕಾನೂನಿನಲ್ಲಿ ಗೊಂದಲ ಇಲ್ಲ. ಆ ಪಂಚಾಯಿತಿ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಗ್ರಾಮಸಭೆಯ ಸದಸ್ಯರು. ಹುನಗುಂದದಲ್ಲಿ ಹುಟ್ಟಿದಿರಾ, ಅಲ್ಲೇ ಹುಟ್ಟಿದಿರಾ ಅಂತ ಅಲ್ಲಿ ಲೆಕ್ಕವಿಲ್ಲ. ಆದರೆ ಸಭೆಯ ಬಿಸಿ ಕಾನೂನು ಪುಸ್ತಕದಲ್ಲಿ ಇರುವುದಿಲ್ಲ, ಅದು ನನಗೂ ಗೊತ್ತು. ಹೊರಗಿನಿಂದ ಬಂದವರನ್ನು ಹೀಯಾಳಿಸುವ 'ಘಾಟಿ' ಅನ್ನುವ ಮಾತು ಯಾರ ಬಾಯಲ್ಲಾದರೂ ಬರಬಹುದು. ಕೋಟಿಗಟ್ಟಲೆ ಕೊಟ್ಟು ವಿಲ್ಲಾ ಕೊಂಡವರ ಮೇಲಿನ ಸಿಟ್ಟು, ಆ ವಿಲ್ಲಾಕ್ಕೆ ಕಲ್ಲು ಹೊತ್ತವರ ಮೇಲೆ ತಿರುಗುವುದನ್ನು ನೋಡಿದಾಗ ನನಗೆ ತುಂಬಾ ಬೇಸರವಾಗುತ್ತದೆ. ಇದು ಅನ್ಯಾಯ, ಮತ್ತು ಬಿಲ್ಡರಿಗೆ ಲಾಭ. ಊರು ಎರಡಾದರೆ ಅವರ ಕೆಲಸ ಸಲೀಸು.

ಹಾಗಾಗಿ ಮುಂದೆ ನಿಂತು ಭಾಷಣ ಮಾಡಬೇಕಾದ ಅಗತ್ಯ ನಿಮಗಿಲ್ಲ. ಸಭೆಗೆ ಮುಂಚೆಯೇ ಕೆಲಸ ಇದೆ. ಪಕ್ಕದ ಮನೆಯ ನಾಲ್ಕು ಜನರ ಜೊತೆ ಸೇರಿ ಪ್ರಶ್ನೆಗಳನ್ನು ಬರೆದು, ಎಲ್ಲರೂ ಸಹಿ ಹಾಕಿ, ಪಂಚಾಯಿತಿ ಸೆಕ್ರೆಟರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರ ಹೆಸರು ಎದ್ದು ಕಾಣುವುದಿಲ್ಲ. ಸಭೆಯಲ್ಲಿ ಮಾತಾಡುವುದಾದರೆ ಕೊಂಕಣಿಯಲ್ಲೇ ಮಾತಾಡಿ, ಇಷ್ಟು ವರ್ಷದಲ್ಲಿ ಬಂದೇ ಇರುತ್ತದೆ ಅಲ್ವಾ. ಮಾತು ಒಂದೇ ವಿಷಯಕ್ಕೆ ಇರಲಿ, ನಿಮಗೆ ಚೆನ್ನಾಗಿ ಗೊತ್ತಿರುವುದಕ್ಕೆ. ಇಳಿಜಾರು, ರಿಟೇನಿಂಗ್ ವಾಲ್, ನೀರು ಹರಿಯುವ ದಾರಿ. ಆ ಸಭೆಯಲ್ಲಿ ಅದನ್ನು ಬಲ್ಲವರು ನಿಮ್ಮಷ್ಟು ಯಾರೂ ಇರಲಿಕ್ಕಿಲ್ಲ.

ಕೇಳಬೇಕಾದ ಕಾಗದಗಳು: ಟಿಸಿಪಿಯ ತಾಂತ್ರಿಕ ಒಪ್ಪಿಗೆ ಆದೇಶ ಮತ್ತು ಅದರ ಷರತ್ತುಗಳು, ಝೋನಿಂಗ್ ಸರ್ಟಿಫಿಕೇಟ್, ಸನದು, ಕಾಂಟೂರ್ ನಕ್ಷೆ, 17ಎ ಅನುಮತಿ ಬೇಕಿದ್ದರೆ ಅದು, ರಸ್ತೆಯ ಅಗಲ ತೋರಿಸುವ ನಕ್ಷೆ, ನೀರು ಮತ್ತು ವಿದ್ಯುತ್ ಇಲಾಖೆಗಳು ಪೂರೈಕೆ ಬಗ್ಗೆ ಬರೆದುಕೊಟ್ಟದ್ದು. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಪಂಚಾಯಿತಿಯ ಗಡುವು ಮುಗಿಯಬಹುದು, ಆದ್ದರಿಂದ ಬಿಲ್ಡರ್ ಅರ್ಜಿ ಕೊಟ್ಟ ತಾರೀಕು ಯಾವುದು ಅಂತ ನಾಳೆಯೇ ಹೋಗಿ ಕೇಳಿಕೊಳ್ಳಿ.

ನಿರ್ಣಯ ಬರೆಯುವಾಗ 'ವಿರೋಧಿಸುತ್ತೇವೆ' ಅಂತ ಒಂದು ಸಾಲು ಬರೆದು ಎದ್ದು ಬರಬೇಡಿ. ಇಂತಿಂಥ ಕಾಗದ ಬಂದಿಲ್ಲ, ಇಂತಿಂಥ ಅಳತೆ ಹೊಂದುತ್ತಿಲ್ಲ, ಇವು ಸರಿಯಾಗುವ ತನಕ ಲೈಸೆನ್ಸ್ ಕೊಡಬಾರದು, ಕೊಟ್ಟರೆ ಇಂತಿಂಥ ಷರತ್ತು ಹಾಕಬೇಕು ಅಂತ ಬರೆಸಿ. ಇದಕ್ಕೂ ಒಂದು ಅಪಾಯ ಇದೆ. ಬಿಲ್ಡರ್ ಎಲ್ಲ ಕಾಗದ ತಂದುಕೊಟ್ಟರೆ ಆಗ ಪ್ರಾಜೆಕ್ಟ್ ಬರುತ್ತದೆ. ಆದರೆ ಬರುವುದು ಎಸ್‌ಟಿಪಿ ಇರುವ, ಮಳೆನೀರು ಇಂಗಿಸುವ, ಬಹುಶಃ ಸ್ವಲ್ಪ ಚಿಕ್ಕದಾದ ಪ್ರಾಜೆಕ್ಟ್. ಕೆಲವರು ಇದನ್ನು ಸೋಲು ಅನ್ನುತ್ತಾರೆ, ನಾನು ಅನ್ನುವುದಿಲ್ಲ. ಕೋರ್ಟಿಗೆ ಹೋಗುವುದಾದರೆ ಹೈಕೋರ್ಟಿನ ಪೀಠ ಪರ್ವರಿಯಲ್ಲೇ ಇದೆ, ಪರಿಸರದ ವಿಷಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠ ಪುಣೆಯಲ್ಲಿದೆ. ಖರ್ಚು ಜಾಸ್ತಿ, ವರ್ಷಗಳು ಹಿಡಿಯಬಹುದು, ಒಬ್ಬೊಬ್ಬರೇ ಹೋಗಬೇಡಿ. ಹೋದರೂ ಅಲ್ಲಿ ಕೆಲಸಕ್ಕೆ ಬರುವುದು ಮೇಲೆ ಹೇಳಿದ ದಾಖಲೆಗಳೇ. ಜನ ಒಗ್ಗಟ್ಟಾದರೆ ಸರ್ಕಾರ ಹಿಂದೆ ಸರಿದದ್ದೂ ಉಂಟು. 2018ರಲ್ಲಿ ಗ್ರೇಟರ್ ಪಣಜಿ ಪಿಡಿಎಗೆ (ಯೋಜನೆ ಮತ್ತು ಅಭಿವೃದ್ಧಿ ಪ್ರಾಧಿಕಾರ) ಸೇರಿಸಿದ್ದ ಹಳ್ಳಿಗಳವರು ಬೀದಿಗಿಳಿದ ಮೇಲೆ ಹಲವು ಹಳ್ಳಿಗಳನ್ನು ಕೈಬಿಟ್ಟರು.

ಹೊಟ್ಟೆಪಾಡಿನ ಪ್ರಶ್ನೆಗೆ ಚಿಕ್ಕ ಉತ್ತರ. ಇಷ್ಟು ದೊಡ್ಡ ಕೆಲಸಕ್ಕೆ ಕಂಪನಿಗಳು ತಮ್ಮದೇ ಗುತ್ತಿಗೆದಾರರನ್ನು, ಹೊರರಾಜ್ಯದ ಕೆಲಸಗಾರರ ತಂಡಗಳನ್ನು ತರುತ್ತವೆ. ಸ್ಥಳೀಯ ಸಣ್ಣ ಗುತ್ತಿಗೆದಾರರಿಗೆ ಸಿಗುವುದು ಹೆಚ್ಚಾಗಿ ಕಾಂಪೌಂಡು, ಶೆಡ್ಡಿನಂಥ ಚಿಲ್ಲರೆ ಕೆಲಸ. ನಿಮ್ಮ ಹೊಟ್ಟೆ ತುಂಬಿಸಿರುವುದು ಊರವರ ಸಣ್ಣ ಮನೆಗಳು, ಹಳೇ ಮನೆ ರಿಪೇರಿ. ಬರೇ ಈ ಲೆಕ್ಕದಲ್ಲಿ ನೋಡಿದರೂ ಊರವರನ್ನು ಎದುರು ಹಾಕಿಕೊಳ್ಳುವುದರಲ್ಲಿ ಅರ್ಥ ಕಾಣುವುದಿಲ್ಲ.

ಕೊನೆಗೆ ಆ 150 ಚದರ ಮೀಟರ್. ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ನಮ್ಮ ಕಡೆ ರೆವಿನ್ಯೂ ಸೈಟ್ ಅನ್ನುತ್ತೇವಲ್ಲ, ಅದಕ್ಕಿಂತ ಕೆಟ್ಟ ಪರಿಸ್ಥಿತಿ ಇದು. ಗದ್ದೆಯನ್ನು ಕೃಷಿಕರಲ್ಲದವರಿಗೆ ಮಾರದಂತೆ 2023ರಲ್ಲಿ ಕಾಯ್ದೆ ಬಂದಿದೆ. ತುಂಬಿಸಿ ಎತ್ತರ ಮಾಡಿದರೆ 17ಎ ಅಡ್ಡ ಬರುತ್ತದೆ. ತುಂಡು ಮಾಡಿ ಮಾರಲು ಟಿಸಿಪಿಯಿಂದ ಉಪವಿಭಾಗದ ಒಪ್ಪಿಗೆ ಬೇಕು, ಆ ಏಜೆಂಟ್ ಬಳಿ ಇರಲಿಕ್ಕಿಲ್ಲ. ಮನೆ ನಂಬರ್ ಅಂದರೆ ತೆರಿಗೆ ವಸೂಲಿಗೆ ಕೊಟ್ಟ ಸಂಖ್ಯೆ, ಅಷ್ಟೇ. ತೆರಿಗೆ ಕಟ್ಟಿದ ರಸೀದಿ, ಕರೆಂಟ್ ಮೀಟರ್, ನಲ್ಲಿ ಇದ್ದರೂ ಮನೆ ಸಕ್ರಮ ಆಗುವುದಿಲ್ಲ. 'ಮುಂದೆ ಸರ್ಕಾರ ಸಕ್ರಮ ಮಾಡುತ್ತೆ' ಅಂತಲೂ ಅವನು ಹೇಳುತ್ತಾನೆ. 2016ರ ಸಕ್ರಮ ಕಾಯ್ದೆಯಲ್ಲಿ ಗಡುವು 28 ಫೆಬ್ರವರಿ 2014. 2025ರಲ್ಲಿ ಸರ್ಕಾರಿ ಜಾಗ, ಕೊಮುನಿದಾದ್ (ಊರಿನ ಸಾಮೂಹಿಕ ಒಡೆತನದ) ಜಾಗದ ಮನೆಗಳಿಗೆ ತಂದ ತಿದ್ದುಪಡಿಯಲ್ಲೂ ಅದೇ ತಾರೀಕು. ಈಗ ಕಟ್ಟುವ ಮನೆಗೆ ಅದರಲ್ಲಿ ಜಾಗವಿಲ್ಲ. ಮೇಲಾಗಿ ಅಕ್ರಮ ಕಟ್ಟಡಗಳ ಬಗ್ಗೆ ಹೈಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ಪಂಚಾಯಿತಿಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಒಡೆಯುವಾಗ ಮೊದಲು ಬೀಳುವುದು ದೊಡ್ಡವರ ವಿಲ್ಲಾ ಅಲ್ಲ, ಅದು ನಿಮಗೂ ಗೊತ್ತು.

ಮಾಪುಸಾ ಆಸುಪಾಸಿನಲ್ಲಿ ಹಳೇ ಕಟ್ಟಡಗಳಲ್ಲಿ ಆಕ್ಯುಪೆನ್ಸಿ ಸರ್ಟಿಫಿಕೇಟ್ ಇರುವ ಸಣ್ಣ ಫ್ಲಾಟ್‌ಗಳು ಮರುಮಾರಾಟಕ್ಕೆ ಸಿಗುತ್ತವೆ, ಬ್ಯಾಂಕೂ ಸಾಲ ಕೊಡುತ್ತದೆ. ಹೊಸದಾದರೆ ರೇರಾ ನೋಂದಣಿ ನೋಡಿ. ಜಾಗವೇ ಬೇಕು ಅಂದರೆ ಫಾರ್ಮ್ 1 ಮತ್ತು 14 ತೆಗೆಸಿ, ಅದು ಇಲ್ಲಿನ ಪಹಣಿ. ಬೇರೆ ಹಕ್ಕುದಾರರ ಕಾಲಮಿನಲ್ಲಿ ಗೇಣಿದಾರ ಅಥವಾ ಮುಂಡಕಾರ (ಬೇರೆಯವರ ಜಾಗದಲ್ಲಿ ಮನೆ ಮಾಡಿಕೊಂಡು ಇರುವ ಹಕ್ಕುಳ್ಳವರು) ಅಂತ ಯಾರ ಹೆಸರಾದರೂ ಇದೆಯೇ ನೋಡಿ. ಇಲ್ಲಿ ಜಾರಿಯಲ್ಲಿರುವುದು ಪೋರ್ಚುಗೀಸ್ ಕಾಲದ ಸಿವಿಲ್ ಕೋಡಿನಿಂದ ಬಂದ ಕುಟುಂಬ, ಆಸ್ತಿ ಕಾನೂನು. ಮಾರುವವನ ಆಸ್ತಿಯಲ್ಲಿ ಸಾಮಾನ್ಯವಾಗಿ ಹೆಂಡತಿಗೂ ಪಾಲಿರುತ್ತದೆ, ಆಕೆಯ ಸಹಿ ಬೇಕೇ ಬೇಕು. ಹಿರಿಯರ ಆಸ್ತಿ ಆಗಿದ್ದರೆ ಇನ್ವೆಂಟರಿ (ವಾರಸುದಾರರು, ಆಸ್ತಿ ಪಟ್ಟಿ ಮಾಡುವ ಕೋರ್ಟ್ ಪ್ರಕ್ರಿಯೆ) ಆಗಿ ಪಾಲು ಹಂಚಿಕೆ ಮುಗಿದಿರಬೇಕು, ಇಲ್ಲವಾದರೆ ಲಂಡನ್ನಿನಲ್ಲಿರುವ ತಂಗಿಯೊಬ್ಬಳು ಹತ್ತು ವರ್ಷದ ಮೇಲೆ ಬಂದು ನಿಲ್ಲುತ್ತಾಳೆ. ಕರ್ನಾಟಕದ ವಕೀಲರಿಗೆ ಇದು ಪರಿಚಯವಿಲ್ಲದ ಕಾನೂನು. ಊರ ಕಡೆಯ ಪರಿಚಯದವರಿಂದ ಪತ್ರ ನೋಡಿಸದೆ, ಮಾಪುಸಾದಲ್ಲೇ ಆಸ್ತಿ ಕೆಲಸ ಮಾಡುವ ವಕೀಲರಿಂದ ನೋಡಿಸಿ, ಆಮೇಲೆ ಟೋಕನ್ ಕೊಡಿ.